ಮೊಲದ ಹಿಕ್ಕೆಗೆ ಎರೆಹುಳುಗಳೇಕೆ?

ಮೈಸೂರಿನ ಕುವೆಂಪುನಗರದ ನಮ್ಮ ಮನೆಯ ಹಿತ್ತಲಿನಲ್ಲಿ ಎರಡು ಮೊಲಗಳಿವೆ. ನೋಡಲು ಬಂದವರು ಮೊದಲು ಅವುಗಳ ಕಿವಿ ಸವರುತ್ತಾರೆ; ಆಮೇಲೆ ಗೂಡಿನ ಪಕ್ಕದಲ್ಲಿ ಒದ್ದೆ ಗೋಣಿ ಹೊದ್ದು ನಿಂತಿರುವ, ನಾನು ಎರೆಹುಳು ಸಾಕಿರುವ ಟೊಮೆಟೊ ಕ್ರೇಟುಗಳತ್ತ ಕಣ್ಣು ಹಾಯಿಸಿ, ಬಹುಮಟ್ಟಿಗೆ ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಾರೆ: “ಮೊಲದ ಹಿಕ್ಕೆಯನ್ನು ಗಿಡಕ್ಕೆ ನೇರವಾಗಿಯೇ ಹಾಕಬಹುದಂತಲ್ಲ, ಮತ್ತೆ ಈ ಹುಳುಗಳ ರಗಳೆ ಏಕೆ?”

ಹಾಕಬಹುದು, ಅದು ನಿಜ. ಹಸಿ ಕೋಳಿಗೊಬ್ಬರ ಬೇರನ್ನು ಸುಡುತ್ತದೆ; ಮೊಲದ ಹಿಕ್ಕೆಗೆ ಆ ಉಗ್ರತೆಯಿಲ್ಲ. ಮೊಲವು ತನ್ನ ಮೆತ್ತಗಿನ ಹಿಕ್ಕೆಯನ್ನು ಗುದದ ಬಳಿಯಿಂದಲೇ ಮತ್ತೆ ತಿಂದು, ಅದರಲ್ಲಿ ಉಳಿದ ಸಾರವನ್ನೂ ಹೀರಿಕೊಳ್ಳುವುದರಿಂದ, ನಮ್ಮ ಕಣ್ಣಿಗೆ ಬೀಳುವ ಗಟ್ಟಿ ಗುಂಡುಗಳು ಬಹುತೇಕ ನಾರು ಮಾತ್ರ. ಒಂದು ಮೊಲ ದಿನಕ್ಕೆ 200ರಿಂದ 300 ಗುಂಡುಗಳನ್ನು ಹಾಕುತ್ತದೆ. ವಿಷಯ ಇಷ್ಟೇ ಆಗಿದ್ದರೆ ಅವನ್ನು ಮಲ್ಲಿಗೆ ಕುಂಡಗಳಿಗೆ ಚೆಲ್ಲಿ ಕೈ ತೊಳೆದುಕೊಳ್ಳುತ್ತಿದ್ದೆ. ನನಗೆ ತಲೆನೋವಾದದ್ದು ಹಿಕ್ಕೆಯಲ್ಲ, ಅದರ ಜೊತೆ ಬರುವ ಮೂತ್ರ ನೆನೆದ ಹುಲ್ಲು. ಅದನ್ನೂ ಗೊಬ್ಬರ ಮಾಡಲೆಂದೇ ಈ ಹುಳುಗಳು; ಆದರೆ ಹಾಗೆಯೇ ಕೊಟ್ಟರೆ ಅವು ಉಳಿಯುವುದಿಲ್ಲ.

ಮೊಲದ ಮೂತ್ರ ಸಾಮಾನ್ಯದ್ದಲ್ಲ. ತಿಂದ ಸುಣ್ಣದ ಅಂಶದಲ್ಲಿ ಮೈಗೆ ಬೇಡವಾದದ್ದನ್ನೆಲ್ಲ ಅದು ಮೂತ್ರದಲ್ಲಿಯೇ ಹೊರಹಾಕುತ್ತದೆ. ಆದ್ದರಿಂದ ನಾಲ್ಕು ದಿನ ತೊಳೆಯದ ತಟ್ಟೆಯ ತಳದಲ್ಲಿ, ಬಿಸಿನೀರಿನ ಹಂಡೆಯೊಳಗೆ ಕಟ್ಟುವಂಥದೇ ಬಿಳಿಯ ಹಕ್ಕಳೆ ಕೂರುತ್ತದೆ. ಅದರಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಅಮೋನಿಯಾ ಮಾಡುತ್ತವೆ. ಎರೆಹುಳುವಿಗೆ ಶ್ವಾಸಕೋಶವಿಲ್ಲ, ಒದ್ದೆ ಚರ್ಮದ ಮೂಲಕವೇ ಅದು ಉಸಿರಾಡಬೇಕು. ಅಮೋನಿಯಾ, ಉಪ್ಪು ಎರಡೂ ಆ ಚರ್ಮಕ್ಕೆ ಶತ್ರುಗಳು.

ಇದನ್ನು ನಾನು ಓದಿ ಕಲಿತದ್ದಲ್ಲ. ಮೊದಲ ವರ್ಷದ ಏಪ್ರಿಲ್ ತಿಂಗಳಲ್ಲಿ ಒಂದು ವಾರದ ತಟ್ಟೆಯನ್ನೆಲ್ಲ ಹಾಗೆಯೇ ಕ್ರೇಟಿಗೆ ಸುರಿದು, ಒಳ್ಳೆಯ ಕೆಲಸ ಮಾಡಿದೆನೆಂದು ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಹುಳುಗಳು ಗೋಣಿಯ ಅಂಚು ಹತ್ತಿ ಹೊರಬಿದ್ದು, ಚಪ್ಪಡಿಯ ಮೇಲೆ ಶ್ಯಾವಿಗೆಯಂತೆ ಒಣಗಿದ್ದವು. ಗುಡ್ಡೆಯೊಳಗೆ ಕೈಯಿಟ್ಟರೆ ಸ್ನಾನದ ನೀರಿನಷ್ಟು ಬಿಸಿ. ಬಗ್ಗಿ ಮೂಸಿದರೆ ಕಣ್ಣಲ್ಲಿ ನೀರು.

ಈಗ ಎರಡನ್ನೂ ಬೇರ್ಪಡಿಸುತ್ತೇನೆ, ಅರ್ಧ ಕೆಲಸವನ್ನು ಮೊಲಗಳೇ ಮಾಡಿಕೊಡುತ್ತವೆ. ಅವು ಹಿಕ್ಕೆಯನ್ನು ಕಂಡಲ್ಲೆಲ್ಲ ಉದುರಿಸಿದರೂ ಮೂತ್ರಕ್ಕೆ ಮಾತ್ರ ಒಂದೇ ಮೂಲೆಯನ್ನು ಹಿಡಿಯುತ್ತವೆ. ಆ ಮೂಲೆಯಲ್ಲಿ ಪತ್ರಿಕೆಯ ಚೂರು ಮತ್ತು ಭತ್ತದ ಹುಲ್ಲು ಹಾಸಿದ ತಟ್ಟೆ ಇರುತ್ತದೆ. ಉಳಿದ ಕಡೆಯಿಂದ ಗುಡಿಸಿದ ಒಣ ಹಿಕ್ಕೆ ಆ ದಿನವೇ ಹುಳುಗಳ ಪಾಲು. ತಟ್ಟೆಯ ಹುಲ್ಲನ್ನು ಬೇರೊಂದು ಬುಟ್ಟಿಗೆ ಹಾಕಿ, ಮೇಲಿಂದ ಒಂದು ಬಿಂದಿಗೆ ನೀರು ಸುರಿದು, ಸೋರಿದ ನೀರನ್ನು ಬಾಳೆಯ ಬುಡಕ್ಕೆ ಬಿಡುತ್ತೇನೆ. ಅನಂತರ ಅಷ್ಟೇ ಪ್ರಮಾಣದ ತರಗೆಲೆಯನ್ನು ಬೆರೆಸಿ, ಮೂರು ನಾಲ್ಕು ದಿನಕ್ಕೊಮ್ಮೆ ತಿರುವಿಹಾಕುತ್ತಾ ಎರಡು ಮೂರು ವಾರ ಬಿಡುತ್ತೇನೆ. ಬಿಸಿ ಆರಿ, ಘಾಟು ಹೋದ ಮೇಲೂ ನನಗೆ ಪೂರ್ತಿ ನಂಬಿಕೆ ಬರುವುದಿಲ್ಲ. ನಾಲ್ಕೈದು ಹುಳುಗಳನ್ನು ಮೇಲೆ ಬಿಟ್ಟು ನೋಡುತ್ತೇನೆ. ಅವು ನಿಧಾನವಾಗಿ ಒಳಗಿಳಿದರೆ ಸರಿ, ಅಂಚಿನತ್ತ ಓಡಿದರೆ ಇನ್ನೊಂದು ವಾರ.

ಮರದ ಪುಡಿ ಹಾಸುವವರಿದ್ದಾರೆ. ಅಂಟು ಬೆರೆತ ಪ್ಲೈವುಡ್ ಪುಡಿ ಮೊಲಕ್ಕೂ ಬೇಡ, ಹುಳುವಿಗೂ ಬೇಡ. ಮಂಡ್ಯದ ನಾಲೆಬಯಲಿನ ಭತ್ತದ ಹುಲ್ಲು ಇಷ್ಟು ಹತ್ತಿರದಲ್ಲಿ ಸಿಗುವಾಗ ಅದರ ಅಗತ್ಯವೂ ನನಗೆ ಕಾಣುವುದಿಲ್ಲ. ಹುಳುವೆಂದರೆ ತೋಟದ ಮಣ್ಣು ಅಗೆದಾಗ ಸಿಗುವ ಯಾವುದಾದರೂ ಹುಳುವಲ್ಲ. ಮಣ್ಣಿನಾಳದಲ್ಲಿ ಬಿಲ ಕೊರೆದು ಬಾಳುವ ಜಾತಿಗಳು ಕ್ರೇಟಿಗೆ ಒಗ್ಗುವುದಿಲ್ಲ. ನನ್ನಲ್ಲಿರುವುದು ನಮ್ಮ ಬಿಸಿಲಿಗೆ ಹೊಂದಿಕೊಂಡಿರುವ, ಆಫ್ರಿಕಾ ಮೂಲದ ಯುಡ್ರಿಲಸ್ ಯೂಜೀನಿಯೆ. ಕ್ರೇಟುಗಳನ್ನು ಒಂದು ಹಳೆಯ ಸ್ಟೂಲಿನ ಮೇಲಿಟ್ಟು, ಸ್ಟೂಲಿನ ಕಾಲುಗಳನ್ನು ನೀರು ತುಂಬಿದ ಬಟ್ಟಲುಗಳಲ್ಲಿ ನಿಲ್ಲಿಸಿದ ಮೇಲೆ ಇರುವೆಯ ಕಾಟ ನಿಂತಿತು. ಅಜ್ಜಿ ತಿಂಡಿಯ ಬೀರುವಿಗೆ ಮಾಡುತ್ತಿದ್ದದ್ದೂ ಇದನ್ನೇ.

ಮೊಲಗಳಿಗೆ ಜಂತುಹುಳುವಿನ ಔಷಧ ಕೊಟ್ಟಾಗ ಮಾತ್ರ ಎರಡು ಮೂರು ವಾರದ ಹಿಕ್ಕೆಯನ್ನು ಬೇರೆಯೇ ಇಡುತ್ತೇನೆ. ಜಂತುವನ್ನು ಕೊಲ್ಲಲು ಕೊಟ್ಟ ಔಷಧಕ್ಕೆ ಎರೆಹುಳುವಿನ ಮೇಲೆ ಕರುಣೆಯಿರಬೇಕೆಂದೇನೂ ಇಲ್ಲ.

ಎರಡು ಮೂರು ತಿಂಗಳಲ್ಲಿ ಗೊಬ್ಬರ ಸಿದ್ಧವಾಗುತ್ತದೆ. ಕೆಲವು ಗುಂಡುಗಳು ಕೊನೆಯವರೆಗೂ ಗುಂಡಾಗಿಯೇ ಕಾಣುತ್ತವೆ, ಆದರೆ ಬೆರಳುಗಳ ನಡುವೆ ಒತ್ತಿದರೆ ಕಾಫಿಪುಡಿಯಂತೆ ಉದುರುತ್ತವೆ. ಮೂಸಿದರೆ ಮೊದಲ ಮಳೆಯ ಮಣ್ಣಿನ ವಾಸನೆ. ಹುಳುಗಳು ಬದುಕಬೇಕಾದ ಎರೆಗೊಬ್ಬರದ ತೊಟ್ಟಿಯನ್ನು ಬಿಸಿಯೇರಲು ಬಿಡುವಂತಿಲ್ಲವಾದ್ದರಿಂದ ಅದರಲ್ಲಿ ರೋಗಾಣುಗಳೂ ಬೀಜಗಳೂ ಸಾಯುತ್ತವೆಂದು ನಂಬಿ ಕೂರುವಂತಿಲ್ಲ. ಹಾಗಾಗಿ ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿಗೆ ಇದನ್ನು ಹಾಕದೆ ಹೂವಿನ ಗಿಡಗಳಿಗೆ, ಬಾಳೆಗೆ, ಕರಿಬೇವಿಗೆ ಹಾಕುತ್ತೇನೆ. ಒಮ್ಮೆ ಭತ್ತದ ಹುಲ್ಲು ಮುಗಿದು ರಾಗಿ ಹುಲ್ಲು ಹಾಸಿದ್ದೆ. ಆ ಗೊಬ್ಬರವನ್ನು ಒಯ್ದ ಎದುರುಮನೆಯ ಅಕ್ಕ ತಿಂಗಳ ನಂತರ ಗೇಟಿನ ಬಳಿ ನಿಂತು, “ನಮ್ಮ ಮಲ್ಲಿಗೆ ಕುಂಡದಲ್ಲಿ ರಾಗಿ ಪೈರು ಬಂದಿದೆ, ಕೊಯ್ಲಿಗೆ ಯಾವಾಗ ಬರುತ್ತೀರಿ?” ಎಂದರು. ಪೈರನ್ನು ಕಿತ್ತು ತಂದು ಮೊಲಗಳಿಗೇ ಹಾಕಿದೆ.