ಈ ಪ್ರಾಯದಲ್ಲಿ ನಿಮಗೆ ನಿಮ್ಮದೇ ಫೋಟೋ ಎಂತಕ್ಕೆ?

ಕೇಳುವವರು ಬೇರೆ ಬೇರೆ, ಪ್ರಶ್ನೆ ಮಾತ್ರ ಅದೇ. ಬಸ್ಸಿನಲ್ಲಿ ಕೇಳಿದ್ದಾರೆ, ಮದುವೆ ಹಾಲ್‌ನಲ್ಲಿ ಕೇಳಿದ್ದಾರೆ, ಅಡಿಕೆ ತೂಗುವಲ್ಲಿಯೂ ಕೇಳಿದ್ದಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇಲ್ಲಿ ಬರೆದಿಡುತ್ತೇನೆ, ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಮೊದಲು ‘ಈ ಪ್ರಾಯದಲ್ಲಿ’ ಎಂಬ ಮಾತು. ನನಗೀಗ 51. ಇಪ್ಪತ್ತರಲ್ಲಿ ನನ್ನ ಫೋಟೋ ನಾನು ತೆಗೆದಿದ್ದರೆ ‘ಮದುವೆಯಾಗಬೇಕಾದ ಹುಡುಗಿಗೆ ಇದೆಲ್ಲ ಎಂತಕ್ಕೆ’ ಎನ್ನುತ್ತಿದ್ದಿರಿ. ಮೂವತ್ತರಲ್ಲಾದರೆ ‘ಮಕ್ಕಳನ್ನು ನೋಡುವುದು ಬಿಟ್ಟು’ ಎನ್ನುತ್ತಿದ್ದಿರಿ. ಹಾಗಾದರೆ ಯಾವ ಪ್ರಾಯ ಸರಿ? ಅದನ್ನು ಯಾರೂ ಹೇಳಿಲ್ಲ. ಎರಡನೆಯದು ಆ ‘ನಿಮ್ಮದೇ’. ನಿಮ್ಮ ಫೋಟೋ ಎಂದರೆ ಸಾಕಿತ್ತು. ಕೊನೆಗೊಂದು ‘ಏ’ ಸೇರಿಸಿದ ಕೂಡಲೇ ಪ್ರಶ್ನೆ ಆರೋಪವಾಗುತ್ತದೆ. ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡಿನ ಬದಿಯಡ್ಕ ಪೇಟೆಯಲ್ಲಿ ಅಣ್ಣನ ಸ್ಟುಡಿಯೋದಲ್ಲಿ ಇಪ್ಪತ್ತೆರಡು ವರ್ಷದಿಂದ ಊರವರ ಮುಖ ತೆಗೆಯುತ್ತಿದ್ದೇನೆ. ಅದು ಕೆಲಸ. ಒಂದು ದಿನ ನನ್ನ ಮುಖ ತೆಗೆದರೆ ಅದು ಜಂಬ.

ಕಳೆದ ವರ್ಷ ನೆಂಟರ ಮನೆಯ ಉಪನಯನದ ಊಟ. ಪಂಕ್ತಿಯಲ್ಲಿ ಸಾರು ಬಡಿಸುತ್ತಿದ್ದರು. ಎದುರು ಸಾಲಿನಲ್ಲಿದ್ದ ಹಿರಿಯರೊಬ್ಬರು ಮೊಬೈಲಿನಲ್ಲಿ ನಾನು ಸುರಂಗದಲ್ಲಿ ತೆಗೆದ ಫೋಟೋ ತೋರಿಸಿ, ಇಡೀ ಪಂಕ್ತಿಗೆ ಕೇಳುವ ಹಾಗೆ, “ಇದು ನೀನಾ? ಮುಖವೇ ಕಾಣುವುದಿಲ್ಲವಲ್ಲ! ಈ ಪ್ರಾಯದಲ್ಲಿ ಎಂತಕ್ಕೆ ಇದೆಲ್ಲ?” ಎಂದರು. ಮೊಬೈಲು ಎಲೆಯಿಂದ ಎಲೆಗೆ ದಾಟಿತು. ನಾನು “ಸುಮ್ಮನೆ” ಎಂದೆ. ಎಲ್ಲರೂ ನಕ್ಕರು, ಊಟ ಮುಂದುವರಿಯಿತು.

ಆ ‘ಸುಮ್ಮನೆ’ ಸುಳ್ಳು. ಅಂದಿನಿಂದ ಅದು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿದೆ. ಅದನ್ನು ತೆಗೆಯಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಸ್ಟುಡಿಯೋದ ಒಳಕೋಣೆಗೆ ಹೋಗುವ ಮೊದಲು ಗೋಡೆಯಲ್ಲಿ ಒಂದು ಕನ್ನಡಿ ಉಂಟು. ಕೆಳಗೆ ಪೌಡರ್ ಡಬ್ಬ, ನೂಲಿಗೆ ಕಟ್ಟಿದ ಬಾಚಣಿಗೆ. ಪಾಸ್‌ಪೋರ್ಟ್ ಸೈಜಿಗೆ ಬಂದವರು, ಮಲಯಾಳದಲ್ಲಿರುವ ಅರ್ಜಿ ನಮೂನೆ ಹಿಡಿದುಕೊಂಡು ‘ಇದರಲ್ಲಿ ಯಾವ ಅಳತೆ ಕೇಳಿದ್ದಾರೆ ನೋಡಿ ಅಕ್ಕಾ’ ಎನ್ನುವವರು, ಎಲ್ಲರೂ ಆ ಕನ್ನಡಿಯ ಮುಂದೆ ಒಂದು ನಿಮಿಷ ನಿಲ್ಲುತ್ತಾರೆ. ಆ ಒಂದು ನಿಮಿಷದ ಮುಖ ಎಷ್ಟು ಚಂದ! ಹುಬ್ಬು ಸಡಿಲ, ಬಾಯಿಯ ಕೊನೆಯಲ್ಲಿ ತಮ್ಮೊಳಗೇ ಏನೋ ಮಾತು. ಅಲ್ಲಿಂದ ಸ್ಟೂಲಿಗೆ ಆರು ಹೆಜ್ಜೆ. ಸ್ಟೂಲಿನಲ್ಲಿ ಕೂರುವಷ್ಟರಲ್ಲಿ ಆ ಮುಖ ಇಲ್ಲ. ಹೆಗಲು ಮೇಲೇರಿ, ತುಟಿ ಬಿಗಿದು, ಪೊಲೀಸರೆದುರು ಕೂತ ಹಾಗೆ. ನಾನು “ಗಲ್ಲ ಸ್ವಲ್ಪ ಮೇಲೆ, ಸ್ವಲ್ಪ ನಗಿ” ಎನ್ನುತ್ತೇನೆ. ಫೋಟೋ ನೋಡಿ ಅವರು “ಇದು ನಾನು ಅಲ್ಲ” ಎನ್ನುತ್ತಾರೆ.

ಅದರಲ್ಲಿ ಅರ್ಧ ಕನ್ನಡಿಯ ತಪ್ಪು. ನಮಗೆ ಗೊತ್ತಿರುವ ನಮ್ಮ ಮುಖ ಎಡಬಲ ತಿರುಗಿದ್ದು. ಎಡಗೆನ್ನೆಯ ಮಚ್ಚೆ ಕನ್ನಡಿಯಲ್ಲಿ ಎಡಗಡೆಯೇ ಕಾಣುತ್ತದೆ, ಫೋಟೋದಲ್ಲಿ ಬಲಕ್ಕೆ ಹೋಗುತ್ತದೆ. 1977ರಲ್ಲಿ ಅಮೆರಿಕದಲ್ಲಿ ಇದನ್ನೇ ಪರೀಕ್ಷಿಸಿ ನೋಡಿದ್ದರು: ಜನ ತಮ್ಮ ಮುಖದ ತಿರುಗಿಸಿದ ಪ್ರತಿಯನ್ನು ಹೆಚ್ಚು ಮೆಚ್ಚಿದರು, ಅವರ ಆಪ್ತರು ನೇರ ಪ್ರತಿಯನ್ನು. ಉಳಿದರ್ಧ ತಪ್ಪು ನನ್ನದು. ಅದು ಗೊತ್ತಾಗಲು ಬಹಳ ವರ್ಷ ಬೇಕಾಯಿತು.

ಹೊಸ ಲೈಟ್ ತಂದ ದಿನ ಪರೀಕ್ಷೆಗೆ ಕೂರಿಸಲು ಯಾರೂ ಸಿಗಲಿಲ್ಲ. ಟೈಮರ್ ಇಟ್ಟು ನಾನೇ ಕೂತೆ. ಸ್ಕ್ರೀನಿನಲ್ಲಿ ನೋಡಿದರೆ ಅದೇ ಹೆಗಲು, ಅದೇ ಬಿಗಿದ ತುಟಿ. ಸಾವಿರಾರು ಜನರಿಗೆ ‘ನಗಿ’ ಎಂದವಳಿಗೆ ಆ ಸ್ಟೂಲಿನಲ್ಲಿ ನಗಲು ಬರಲಿಲ್ಲ. ಅವರನ್ನೆಲ್ಲ ಎಲ್ಲಿ ಕೂರಿಸುತ್ತಿದ್ದೆ ಎಂದು ಆ ದಿನ ತಿಳಿಯಿತು. ಮರುದಿನ ಪುನಃ ಕೂತೆ. ಬಿಡಲಿಲ್ಲ.

ತೆಗೆಯುವ ಕ್ರಮ ದೊಡ್ಡದೇನಲ್ಲ. ನಾನು ಕೂರುವಲ್ಲಿ ಕುರ್ಚಿಗೆ ಒಂದು ಹಿಡಿಸೂಡಿ, ಅಂದರೆ ಕಸಬರಿಕೆ, ಒರಗಿಸಿ, ಅದರ ಕಡ್ಡಿಗೆ ಫೋಕಸ್ ಮಾಡಿ, ಮತ್ತೆ ತಾನಾಗಿ ಬದಲಾಗದ ಹಾಗೆ ಫೋಕಸನ್ನು ಮ್ಯಾನುವಲ್‌ಗೆ ಹಾಕಿ ಬಿಡುತ್ತೇನೆ. ಆಮೇಲೆ ಹತ್ತು ಸೆಕೆಂಡಿನ ಟೈಮರ್. ಮನೆಯಲ್ಲಾದರೆ ಅಡುಗೆಮನೆಯ ಗಾಜಿನ ಹಂಚಿನಿಂದ ಹನ್ನೊಂದು ಗಂಟೆಗೆ ಬೀಳುವ ಬಿಸಿಲು ಸಾಕು. ನೆಲದಲ್ಲಿ ಒಂದು ಸಣ್ಣ ಚೌಕ, ನೋಡುತ್ತಿದ್ದ ಹಾಗೆ ಒಲೆಯ ಕಡೆಗೆ ಜಾರುತ್ತದೆ. ಅದರೊಟ್ಟಿಗೆ ನಾನೂ ಜಾರಬೇಕು.

ಈಗ ಆ ಸುರಂಗದ ಫೋಟೋ. ನನ್ನ ತವರು ಪೆರ್ಲದ ಕಡೆ. ಗುಡ್ಡದ ಕೆಂಪು ಮುರಕಲ್ಲಿಗೆ ಅಡ್ಡವಾಗಿ ಕೊರೆದ ಸುರಂಗದ ನೀರನ್ನೇ ಕುಡಿದು ಬೆಳೆದವಳು. ಒಬ್ಬರು ನಡೆಯುವಷ್ಟೇ ಅಗಲ, ಒಳಗೆ ಬಾವಲಿ, ಕಾಲಗಂಟು ಮುಳುಗುವ ನೀರು. ಅಪ್ಪ ವರ್ಷಕ್ಕೊಮ್ಮೆ ಒಳಗೆ ಹೋಗಿ ಕುಸಿದ ಮಣ್ಣು ತೆಗೆಯುತ್ತಿದ್ದರು. ನಾವು ಹುಡುಗಿಯರು ಬಾಯಲ್ಲಿ ನಿಂತು ಬುಟ್ಟಿ ಹಿಡಿಯಬೇಕು, ಒಳಗೆ ಹೋಗುವ ಕ್ರಮ ನಮ್ಮ ಮನೆಯಲ್ಲಿ ಇರಲಿಲ್ಲ. ಬೇರೆಯವರನ್ನು ನಿಲ್ಲಿಸಿ ತೆಗೆಯುವುದಾಗಿದ್ದರೆ ನಾನು ಹೊರಗಡೆಯಿಂದಲೇ ಕೆಲಸ ಮುಗಿಸುತ್ತಿದ್ದೆ. ಫೋಟೋದಲ್ಲಿ ನಾನು ಇರಬೇಕಾದ್ದರಿಂದ ಒಳಗೆ ಹೋಗಲೇಬೇಕಾಯಿತು. ಸ್ಟ್ಯಾಂಡ್ ಒಳಗಿಟ್ಟು, ಬಾಯಿಯ ಕಡೆಗೆ ಕ್ಯಾಮರಾ ತಿರುಗಿಸಿ, ಶಟರ್ ಎಂಟು ಸೆಕೆಂಡು ತೆರೆದಿರುವ ಹಾಗೆ ಟೈಮರ್ ಇಟ್ಟು, ನೀರು ಕಲಕದ ಹಾಗೆ ನಡೆದು ಹೋಗಿ ನಿಂತೆ. ಹದಿನಾಲ್ಕು ಸಲ. ಪ್ರತಿ ಸಲವೂ ಎಂಟು ಸೆಕೆಂಡಿನಲ್ಲಿ ತಲೆ ಅಲುಗಿತು, ಮುಖ ಕರಗಿತು. ಕೈ ಮಾತ್ರ ಗೋಡೆಗೆ ಒರಗಿ ಗಟ್ಟಿಯಾಗಿ ಬಂತು, ಕಲ್ಲಿನ ಮೇಲೆ ಹಾರೆಯ ಗೀರುಗಳ ಪಕ್ಕದಲ್ಲಿ. ಆ ಗೀರಿನಲ್ಲಿ ಅಪ್ಪನವೂ ಕೆಲವು ಇರಬೇಕು. ಪಂಕ್ತಿಯಲ್ಲಿ ನಕ್ಕವರೇ, ಮುಖ ಕಾಣದ ಆ ಫೋಟೋ ನಾನು ತೆಗೆದದ್ದರಲ್ಲೆಲ್ಲ ಹೆಚ್ಚು ನನ್ನದು. ನೀವು ಹೇಳಿದ ಅರ್ಥದಲ್ಲಿಯೇ ‘ನನ್ನದೇ’.

ಇನ್ನು, ‘ಮೊಬೈಲ್ ಬಂದ ಮೇಲೆ ಶುರುವಾದ ಹುಚ್ಚು’ ಎನ್ನುವವರಿಗೆ. ಆಕ್ಸ್‌ಫರ್ಡ್ ನಿಘಂಟಿನವರು ‘ಸೆಲ್ಫಿ’ಯನ್ನು ವರ್ಷದ ಪದವೆಂದು ಆರಿಸಿದ್ದು 2013ರಲ್ಲಿ. ಕೆಲಸ ಮಾತ್ರ ಫೋಟೋದಷ್ಟೇ ಹಳೆಯದು. 1839ರಲ್ಲಿ ಫಿಲಡೆಲ್ಫಿಯಾದ ರಾಬರ್ಟ್ ಕಾರ್ನೆಲಿಯಸ್, ದೀಪ ಮಾರುವ ಮನೆತನದವನು, ತನ್ನ ಫೋಟೋ ತಾನೇ ತೆಗೆದ. ತಲೆಗೂದಲು ಕೆದರಿದೆ, ಚೌಕಟ್ಟಿನ ನಡುವಿನಿಂದ ಒಂದು ಕಡೆಗೆ ಸರಿದಿದ್ದಾನೆ. ಸರಿಯಾಗಿ ಕೂತಿದ್ದೀಯಾ ಎಂದು ನೋಡಿ ಹೇಳಲು ಅತ್ತ ಯಾರೂ ಇಲ್ಲ. ನನಗೆ ಅದು ಬಹಳ ಇಷ್ಟ. ಮರುವರ್ಷ ಫ್ರಾನ್ಸಿನ ಹಿಪ್ಪೊಲಿಟ್ ಬಯಾರ್, ಫೋಟೋ ಕಂಡುಹಿಡಿದ ಗೌರವ ತನಗೆ ಸಿಗದೆ ಡಗೇರ್ ಎಂಬ ಇನ್ನೊಬ್ಬನಿಗೆ ಹೋಯಿತೆಂದು, ತಾನು ಮುಳುಗಿ ಸತ್ತ ಹಾಗೆ ಕೂತು ಫೋಟೋ ತೆಗೆದ. ತನ್ನ ಮೈಯನ್ನೇ ದೂರಿನ ಅರ್ಜಿ ಮಾಡಿಕೊಂಡ. ನಮ್ಮ ದೇಶದಲ್ಲಿ 1880ರ ಆಸುಪಾಸಿನಲ್ಲಿ ತ್ರಿಪುರಾದ ರಾಜ ಬೀರಚಂದ್ರ ಮಾಣಿಕ್ಯ ರಾಣಿಯೊಟ್ಟಿಗೆ ಕೂತು ದೂರದಿಂದ ಶಟರ್ ಎಳೆದ. ಪ್ರಾಯದ ಮಾತಿಗೆ ಉತ್ತರ ಉಮ್ರಾವ್ ಸಿಂಗ್ ಶೇರ್‌ಗಿಲ್ (1870–1954), ಚಿತ್ರಕಲಾವಿದೆ ಅಮೃತಾ ಅವರ ತಂದೆ: ಯೌವನದಿಂದ ಮುಪ್ಪಿನವರೆಗೂ ತನ್ನನ್ನು ತೆಗೆದುಕೊಂಡರು, ಗಡ್ಡ ಬೆಳ್ಳಗಾಗುವುದನ್ನೂ ಬಿಡಲಿಲ್ಲ. ‘ಯಾರಿಗೆ ತೋರಿಸಲಿಕ್ಕೆ’ ಎನ್ನುವವರಿಗೆ ವಿವಿಯನ್ ಮೇಯರ್. ಶಿಕಾಗೋದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸದವಳು. ಅಂಗಡಿಯ ಗಾಜಿನಲ್ಲಿ, ಕನ್ನಡಿಯಲ್ಲಿ, ರಸ್ತೆಗೆ ಬಿದ್ದ ತನ್ನ ನೆರಳಿನಲ್ಲಿ ತನ್ನನ್ನೇ ತೆಗೆದಳು. 2007ರ ಹರಾಜಿನಲ್ಲಿ ಅವಳ ಪೆಟ್ಟಿಗೆಗಳು ಬೇರೆಯವರ ಕೈಗೆ ಹೋಗುವ ತನಕ ಹೊರಲೋಕಕ್ಕೆ ಅವಳ ಹೆಸರೇ ಗೊತ್ತಿರಲಿಲ್ಲ.

ಕಾಲೇಜು ಹುಡುಗಿಯರ ಸೆಲ್ಫಿಯನ್ನು ಹೀಯಾಳಿಸುವವರ ಜೊತೆಯೂ ನಾನಿಲ್ಲ. ನಲವತ್ತು ತೆಗೆದು ಮೂವತ್ತೊಂಬತ್ತು ಅಳಿಸಿ ಒಂದನ್ನು ಇಟ್ಟುಕೊಳ್ಳುವ ಹುಡುಗಿ ಬೆಳಕಿನ ಬಗ್ಗೆ ಕಲಿಯುತ್ತಿದ್ದಾಳೆ. ಕಿಟಕಿಗೆ ಬೆನ್ನು ಹಾಕಿದರೆ ಮುಖ ಕಪ್ಪಾಗುತ್ತದೆಂದು ಯಾರೂ ಅವಳಿಗೆ ಹೇಳಿಕೊಟ್ಟಿಲ್ಲ. ಒಬ್ಬಳು ಬಂದು “ಆಂಟೀ, ನನ್ನ ಮೂಗು ಇಷ್ಟು ದೊಡ್ಡದುಂಟಾ?” ಎಂದು ಅಳುವ ಹಾಗಿದ್ದಳು. ಅದು ಮೂಗಿನ ದೋಷ ಅಲ್ಲ, ದೂರದ್ದು. ಹನ್ನೆರಡು ಇಂಚು ದೂರದಿಂದ ತೆಗೆದರೆ, ಐದು ಅಡಿಯಿಂದ ತೆಗೆದದ್ದಕ್ಕಿಂತ ಮೂಗು ಸುಮಾರು 30 ಶೇಕಡಾ ಅಗಲ ಕಾಣುತ್ತದೆಂದು 2018ರಲ್ಲಿ ಅಮೆರಿಕದ ವೈದ್ಯರೇ ಲೆಕ್ಕ ಕೊಟ್ಟಿದ್ದಾರೆ. ಅವಳನ್ನು ಸ್ಟೂಲಿನಲ್ಲಿ ಕೂರಿಸಿ ಆರು ಅಡಿಯಿಂದ ತೆಗೆದು ತೋರಿಸಿದೆ. ದುಡ್ಡು ತೆಗೆದುಕೊಳ್ಳಲಿಲ್ಲ.

ನಮ್ಮೂರಿನಲ್ಲಿ ಯಕ್ಷಗಾನ ಆಟದ ಚೌಕಿಗೆ, ವೇಷ ಕಟ್ಟುವ ಜಾಗಕ್ಕೆ, ಹೋಗದವರು ಯಾರಿದ್ದಾರೆ? ಬಣ್ಣದ ವೇಷದವರು ಅಕ್ಕಿಹಿಟ್ಟು ಸುಣ್ಣ ಕಲಸಿ, ಕನ್ನಡಿ ಮುಂದಿಟ್ಟು, ಗಂಟೆಗಟ್ಟಲೆ ತಮ್ಮ ಮುಖಕ್ಕೆ ತಾವೇ ಚುಟ್ಟಿ ಎಂಬ ಬಿಳಿ ಚುಕ್ಕೆಗಳನ್ನು ಇಡುತ್ತಾರೆ. ‘ನಿಮ್ಮದೇ ಮುಖ ಎಷ್ಟು ಹೊತ್ತು ನೋಡುತ್ತೀರಿ’ ಎಂದು ಅವರನ್ನು ಯಾರೂ ಕೇಳಿದ್ದಿಲ್ಲ. ವಿಷು ಹಬ್ಬದ ಬೆಳಿಗ್ಗೆ ಎದ್ದ ಕೂಡಲೇ ನೋಡುವ ಕಣಿಯಲ್ಲಿ ಸೌತೆಕಾಯಿ, ಚಿನ್ನದ ಹಿಂದೆ ಕನ್ನಡಿ ಇಟ್ಟು, ನಿದ್ದೆಗಣ್ಣಿನ ನಮ್ಮ ಮುಖವನ್ನು ನಮಗೇ ತೋರಿಸಿದವಳು ಅಮ್ಮ. ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ರವಿವರ್ಮನ ಚಿತ್ರದ ಹೆಣ್ಣಿನ ಹಾಗೆ ಉಟ್ಟು ತೊಟ್ಟು ಕ್ಯಾಮರಾದೆದುರು ನಿಂತ ಫೋಟೋ ನೋಡಿದಾಗ ನನಗೆ ನೆನಪಾದದ್ದು ಚೌಕಿಯೇ.

ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆ ಉಂಟು. ‘ಎಂತಕ್ಕೆ’ ಬಿಡಿ. ‘ಎಲ್ಲಿ ನೋಡ್ತೀರಿ?’ ಎಂದು ಕೇಳಿ. ಮೊಬೈಲಿನಲ್ಲಿ ಕಣ್ಣು ಸ್ಕ್ರೀನಿನ ಮೇಲಿರುತ್ತದೆ, ಲೆನ್ಸ್ ಮೇಲಿನ ತುದಿಯಲ್ಲಿ. ಅದಕ್ಕೇ ಸೆಲ್ಫಿಯ ಕಣ್ಣು ನಮ್ಮನ್ನು ನೋಡುವುದಿಲ್ಲ. ಸ್ಟುಡಿಯೋದಲ್ಲಿ ನಾನು ಬೆರಳು ಎತ್ತಿ ‘ಇಲ್ಲಿ ನೋಡಿ’ ಎನ್ನುತ್ತೇನೆ, ಅವರು ಬೆರಳು ನೋಡುತ್ತಾರೆ. ಬೆರಳು ಎತ್ತುವವರು ಯಾರೂ ಇಲ್ಲದಾಗ? ಮೊದಲ ತಿಂಗಳುಗಳಲ್ಲಿ ಲೆನ್ಸನ್ನು ಯಾರೋ ಗಿರಾಕಿ ನೋಡಿದ ಹಾಗೆ ನೋಡುತ್ತಿದ್ದೆ. ಸುರಂಗದಲ್ಲಿ ಲೆನ್ಸ್ ಕಾಣಲೇ ಇಲ್ಲ. ಅಪ್ಪ ಕೂತು ಮಣ್ಣು ಕೆರೆಯುತ್ತಿದ್ದ ಕತ್ತಲನ್ನು ನೋಡುತ್ತ ನಿಂತೆ.

ಈ ಪ್ರಶ್ನೆಯನ್ನು ಒಬ್ಬರೇ ಕೇಳಿದ್ದಾರೆ. ನಿವೃತ್ತ ಮಾಸ್ಟ್ರು, ಪೆನ್ಶನ್ ಕಾಗದಕ್ಕೆ ಫೋಟೋ ಬೇಕಿತ್ತು. ಸ್ಟೂಲಿನಲ್ಲಿ ಕೂತು ಅವರೂ “ನಿನಗೆ ನಿನ್ನದೇ ಫೋಟೋ ಎಂತಕ್ಕೆ ಮಾರಾಯ್ತಿ?” ಎಂದರು. ನಾನು ರಿಮೋಟನ್ನು ಅವರ ಕೈಯಲ್ಲಿಟ್ಟೆ. “ನೀವೇ ಒತ್ತಿ ಮಾಸ್ಟ್ರೇ, ನಾನು ಹೊರಗಿರ್ತೇನೆ” ಎಂದು ಪರದೆ ಎಳೆದೆ. ಬಹಳ ಹೊತ್ತು ಶಬ್ದವಿಲ್ಲ. ಆಮೇಲೆ ಒಳಗಿಂದ ಸ್ವರ: “ಎಲ್ಲಿ ನೋಡುವುದು?”

ನಾನು ಉತ್ತರ ಕೊಡಲಿಲ್ಲ. ಲೈಟ್ ನಾಲ್ಕು ಸಲ ಮಿಂಚಿತು. ಹೊರಗೆ ಬಂದು ಕಂಪ್ಯೂಟರಿನಲ್ಲಿ ನಾಲ್ಕನ್ನೂ ನೋಡಿದರು. ಮೂರನ್ನು ಅಳಿಸು ಎಂದರು, ಅಳಿಸಿದೆ. ಪೆನ್ಶನ್ ಕಾಗದಕ್ಕೆ ಯಾವಾಗಿನ ಹಾಗೆ ನಾನೇ ತೆಗೆದುಕೊಟ್ಟೆ. ಉಳಿದ ಆ ಒಂದಕ್ಕೆ ಪ್ರಿಂಟ್ ಹಾಕಲಾ ಎಂದು ಕೇಳಿದೆ.

“ಬೇಡ” ಎಂದರು. ಬಾಗಿಲ ಹತ್ತಿರ ಕೊಡೆ ಬಿಡಿಸುತ್ತ, “ಅಳಿಸಲೂ ಬೇಡ. ಅಲ್ಲೇ ಇರಲಿ” ಎಂದರು.