ನಿಲ್ಲದ ಹಾಡು ಕೊಡಿ ಎಂದವರಿಗೆ

"ಸರ್, ರೋಬೋಟ್ ಡ್ಯಾನ್ಸಿಗೆ ಒಂದು ಒಳ್ಳೆಯ ಹಾಡು ಹೇಳಿ. ಮಷೀನ್ ಸೌಂಡ್ ಇರುವಂಥದ್ದು." ಪಾಪಿಂಗ್, ಎಂದರೆ ರೋಬೋಟ್ ಡ್ಯಾನ್ಸಿನ ಜಾತಿಯ ಕುಣಿತ, ಕಲಿಸುವವನಾದ್ದರಿಂದ ಈ ಮಾತು ನನ್ನನ್ನು ಮೆಟ್ರೊದಲ್ಲೂ ಬಿಡುವುದಿಲ್ಲ, ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಬಿಡುವುದಿಲ್ಲ. ಗಣೇಶನ ಹಬ್ಬ ಹತ್ತಿರವಾದರಂತೂ ಮೊಬೈಲ್ ಕೆಳಗಿಡಲು ಪುರಸೊತ್ತಿಲ್ಲ. ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ಮೊದಲು ಆ ಮಷೀನ್ ಸೌಂಡಿನ ಆಸೆ ಬಿಡಿ. ಕಿರ್ರ್, ಟುಂಯ್ ಎನ್ನುವ ಸದ್ದುಗಳನ್ನು ಒಂದರ ಹಿಂದೆ ಒಂದು ಪೋಣಿಸಿದ ರೀಮಿಕ್ಸ್ ಹಾಕಿದರೆ ಯಂತ್ರದ ಕೆಲಸವನ್ನೆಲ್ಲ ಹಾಡೇ ಮಾಡಿ ಮುಗಿಸಿರುತ್ತದೆ, ಕುಣಿಯುವವನಿಗೆ ಏನೂ ಉಳಿಯುವುದಿಲ್ಲ. ಈ ಕುಣಿತ ಬೆಳೆದದ್ದು ಮನುಷ್ಯರು ಕೈಯಾರೆ ನುಡಿಸಿದ, ಫಂಕ್ ಎಂಬ ಅಮೆರಿಕದ ಕುಣಿತದ ಸಂಗೀತದ ಮೇಲೆ. 1973ರಲ್ಲಿ ಅಮೆರಿಕದ 'ಸೋಲ್ ಟ್ರೇನ್' ಟಿ.ವಿ. ಕಾರ್ಯಕ್ರಮದಲ್ಲಿ ಹದಿಹರೆಯದ ಮೈಕಲ್ ಜಾಕ್ಸನ್ ರೋಬೋಟ್ ಆಗಿ ನಡೆದಾಗ ಹಿಂದೆ ಇದ್ದದ್ದು ಡ್ರಮ್ ಮತ್ತು ಬೇಸ್ ಗಿಟಾರಿನ ಹಾಡು. ಕ್ಯಾಲಿಫೋರ್ನಿಯಾದ ಫ್ರೆಸ್ನೊದಲ್ಲಿ ಬೂಗಲೂ ಸ್ಯಾಮ್ 1977ರಲ್ಲಿ ತಂಡ ಕಟ್ಟಿ ಪಾಪಿಂಗ್‌ಗೆ ಹೆಸರು ತಂದದ್ದೂ ಫಂಕ್ ಹಾಡುಗಳ ಮೇಲೆಯೇ. ಜಗತ್ತಿನ ಪಾಪಿಂಗ್ ಕಲಾವಿದರೆಲ್ಲ ಇಂದಿಗೂ ತಮ್ಮದೆಂದು ಭಾವಿಸುವ, ಝ್ಯಾಪ್ ತಂಡದ 1980ರ 'ಮೋರ್ ಬೌನ್ಸ್ ಟು ದಿ ಔನ್ಸ್' ಕೇಳಿ. ಅದರಲ್ಲಿ ಯಂತ್ರ ಮಾತಾಡಿದಂತೆ ಕೇಳಿಸುವುದು ಆ ತಂಡದ ಗಾಯಕ ರೋಜರ್ ಟ್ರೌಟ್‌ಮನ್. ಕೀಬೋರ್ಡಿನ ಸದ್ದನ್ನು ಒಂದು ಕೊಳವೆಯ ಮೂಲಕ ಬಾಯೊಳಗೆ ತಂದುಕೊಂಡು, ತುಟಿ ನಾಲಗೆಗಳಿಂದಲೇ ಅದಕ್ಕೆ ಅಕ್ಷರ ಕೊಟ್ಟವನು ಆತ.

ಆಮೇಲೆ ವೇಗ. "ಜೋಶ್ ಇರಬೇಕು ಸರ್" ಎನ್ನುತ್ತಾರೆ. ಜೋಶ್ ಬೇಡ ಎಂದವರು ಯಾರು? ಆದರೆ ಪಾಪಿಂಗ್ ಎಂದರೆ ತೋಳು, ತೊಡೆ, ಎದೆ, ಕುತ್ತಿಗೆಯ ಸ್ನಾಯುಗಳನ್ನು ತಟ್ಟನೆ ಬಿಗಿದು ತಟ್ಟನೆ ಸಡಿಲ ಬಿಡುವುದು. ಬಿಗಿಯುವುದನ್ನು ಎಲ್ಲರೂ ಬೇಗ ಕಲಿಯುತ್ತಾರೆ, ಸಡಿಲ ಬಿಡುವುದೇ ಕಷ್ಟ. ನಿಮಿಷಕ್ಕೆ 100 ಬೀಟ್ ಇರುವ ಹಾಡಿನಲ್ಲಿ ಎರಡು ಬೀಟ್‌ಗಳ ನಡುವೆ 0.6 ಸೆಕೆಂಡ್ ಸಿಗುತ್ತದೆ. 140ಕ್ಕೆ ಏರಿಸಿದರೆ ಸುಮಾರು 0.43. ಮೊದಲ ಹೊಡೆತ ಸಡಿಲವಾಗುವ ಮುಂಚೆಯೇ ಎರಡನೆಯದು ಬಂದು ಮೇಲೆ ಬೀಳುತ್ತದೆ. ನೋಡುವವರಿಗೆ ಹುಡುಗನಿಗೆ ಚಳಿಜ್ವರ ಬಂದಂತೆ ಕಾಣುತ್ತದೆ. ಹೊಸಬರು 90ರಿಂದ 110ರೊಳಗೆ ಇರಲಿ. ಟಪ್ಪಾಂಗುಚ್ಚಿಯನ್ನು ದಯವಿಟ್ಟು ತರಬೇಡಿ. ತಮಟೆಯ ಆ ಮೂರರ ನಡೆ ನನಗೆ ಪ್ರಾಣ, ಆದರೆ ಅದು ಮೈಯನ್ನು ಎತ್ತಿ ಎತ್ತಿ ಕುಣಿಸುತ್ತದೆಯೇ ಹೊರತು ಒಂದು ಕ್ಷಣವೂ ನಿಲ್ಲಗೊಡುವುದಿಲ್ಲ.

ಬೀದಿಯಲ್ಲಿ ಕುಣಿಯುವವರಿಗೆ ಇನ್ನೊಂದು ಮಾತು. ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಆರಿಸಿದ ಹಾಡು ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲಿ ಬೇರೆಯೇ ಹಾಡಾಗುತ್ತದೆ. ಅಂಗೈಯಗಲದ ಸ್ಪೀಕರಿನಿಂದ ಬೇಸ್ ಹೊರಡುವುದೇ ಕಡಿಮೆ. ಹೊರಟಷ್ಟನ್ನೂ ವಾಹನಗಳ ಗುಡುಗು ನುಂಗುತ್ತದೆ. ಕೊನೆಗೆ ಕಿವಿಗೆ ಬೀಳುವುದು ಚಪ್ಪಾಳೆಯಂಥ, ಸ್ನೇರ್ ಡ್ರಮ್ಮಿನಂಥ ಚುರುಕು ಸದ್ದು ಮಾತ್ರ. ಆದ್ದರಿಂದ ಎರಡನೆಯ ಮತ್ತು ನಾಲ್ಕನೆಯ ಬೀಟ್‌ನಲ್ಲಿ ಚಪ್ಪಾಳೆ ಸ್ಪಷ್ಟವಾಗಿ ಬೀಳುವ ಹಾಡು ಹುಡುಕಿ. ಸ್ಪೀಕರನ್ನು ಬಯಲಿನ ನಡುವೆ ಇಡಬೇಡಿ. ಗೋಡೆಯ ಮೂಲೆಗೆ ಒತ್ತಿ ನೆಲದ ಮೇಲಿಟ್ಟರೆ ಇದ್ದ ಬೇಸ್ ಸ್ವಲ್ಪ ಗಟ್ಟಿಯಾಗುತ್ತದೆ.

ಇಷ್ಟನ್ನು ಹೇಳುವುದು ನನಗೆ ಬೇಸರವಲ್ಲ. ಸಿಟ್ಟು ಬರುವುದು ಬೇರೆ ಕಾರಣಕ್ಕೆ. ಬನಶಂಕರಿ ಕಡೆಯ ಒಂದು ಗಣೇಶನ ಪೆಂಡಾಲ್. ನನ್ನ ಶಿಷ್ಯ, ಇನ್ನೂ ಮಾಧ್ಯಮಿಕ ಶಾಲೆಯ ಹುಡುಗ, ವೇದಿಕೆ ಹತ್ತಿದ್ದ. ಅವನಿಗಾಗಿ ಕತ್ತರಿಸಿ ಜೋಡಿಸಿದ ಹಾಡಿನ ನಡುವೆ ಎಂಟು ಬೀಟ್‌ಗಳ ಮೌನ ಇಟ್ಟಿದ್ದೆ, ಸುಮಾರು ಐದು ಸೆಕೆಂಡ್. ಹುಡುಗ ನಿಂತ. ಬಲಗೈ ಮೊಣಕೈಯಿಂದ ಮೇಲೆದ್ದಿತ್ತು, ಮಣಿಕಟ್ಟು ಜೋತುಬಿದ್ದಿತ್ತು, ಕತ್ತು ಅರ್ಧ ತಿರುಗಿತ್ತು. ರೆಪ್ಪೆ ಅಲುಗಲಿಲ್ಲ. ಮುಂದಿನ ಸಾಲಿನ ಚಿಕ್ಕ ಮಕ್ಕಳು ಬಾಯಿ ತೆರೆದು ನೋಡುತ್ತಿದ್ದರು. ಅಷ್ಟರಲ್ಲಿ ಮೈಕ್ ಸೆಟ್‌ನವರಿಗೆ ಪೆನ್ ಡ್ರೈವ್ ಕೆಟ್ಟಿತೆಂಬ ಗಾಬರಿಯಾಗಿ, ಕೈಗೆ ಸಿಕ್ಕಿದ ಟಪ್ಪಾಂಗುಚ್ಚಿ ಹಾಡೊಂದನ್ನು ಹಾಕಿಯೇಬಿಟ್ಟರು. ಹುಡುಗ ಮಾತ್ರ ಅಲುಗಲಿಲ್ಲ. ಎಂಟು ಬೀಟ್ ಮನಸ್ಸಿನಲ್ಲೇ ಎಣಿಸಿ ಮುಗಿಸಿ, ಕೈ ಇಳಿಸಿ, ನಮಸ್ಕಾರ ಮಾಡಿ ಕೆಳಗಿಳಿದ. ಅವನನ್ನು ತಬ್ಬಿಕೊಳ್ಳಲು ಹೋದರೆ ಅವನ ಅಪ್ಪ ಅಡ್ಡ ಬಂದು, "ಸರ್, ಮುಂದಿನ ಸಲ ಮಧ್ಯೆ ನಿಲ್ಲದ ಹಾಡು ಕೊಡಿ" ಎಂದರು.

"ನಿಲ್ಲುವುದನ್ನೇ ಕಲಿಸಿದ್ದೇನೆ ಸ್ವಾಮಿ, ನಿಮ್ಮ ಮಗ ಅದನ್ನೇ ಮಾಡಿದ್ದಾನೆ" ಎಂದೆ. ಈಗಲೂ ಅದನ್ನೇ ಹೇಳುತ್ತೇನೆ. ಕೈಕಾಲು ಆಡಿಸುವುದಕ್ಕೆ ಯಾವ ಹಾಡಾದರೂ ಆದೀತು. ಮನುಷ್ಯ ಯಂತ್ರದಂತೆ ಕಾಣುವುದು ಅವನು ನಿಂತಾಗ. ಕೈ ಹೋಗಬೇಕಾದಲ್ಲಿಗೆ ಹೋಗಿ, ಒಂದಿಷ್ಟೂ ತೂಗಾಡದೆ ಅಲ್ಲೇ ನಿಂತಾಗ. ಹಾಗಾಗಿ ನಾನು ಹಾಡಿನಲ್ಲಿ ಮೊದಲು ಹುಡುಕುವುದು ಖಾಲಿ ಜಾಗ. ಪಿಟೀಲು, ಕೋರಸ್, ಗಾಯಕನ ಆಲಾಪ ಎಲ್ಲವೂ ಒತ್ತೊತ್ತಾಗಿ ತುಂಬಿದ ಹಾಡು ಎಷ್ಟೇ ಚೆನ್ನಾಗಿರಲಿ, ಅದರಲ್ಲಿ ನನ್ನ ಶಿಷ್ಯನಿಗೆ ಜಾಗವಿಲ್ಲ.

"ಎಲ್ಲಿ ನಿಲ್ಲಬೇಕು?" ಎಂದು ಒಬ್ಬರಾದರೂ ಕೇಳಬಾರದೇ? ಕೇಳಿದರೆ ಅವರನ್ನು ರಾಮನವಮಿಯ ಹೊತ್ತಿಗೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ಸಂಗೀತ ಕಛೇರಿಗೆ ಕರೆದೊಯ್ಯುತ್ತೇನೆ. ಮೃದಂಗ ಮೊದಲಾದ ತಾಳವಾದ್ಯಗಳು ಮಾತ್ರ ನುಡಿಯುವ ತನಿ ಆವರ್ತನ ಶುರುವಾದೊಡನೆ ಸಭಿಕರಲ್ಲಿ ಹಲವರು ಕಾಫಿಗೆ ಏಳುತ್ತಾರೆ. ನೀವು ಏಳಬೇಡಿ. ಮೃದಂಗದವರು 'ತದಿಗಿಣತೊಂ' ನುಡಿಸಿ ಒಂದಿಷ್ಟು ಕಾರ್ವೆ, ಎಂದರೆ ಅಳತೆಯ ಖಾಲಿ ಜಾಗ, ಬಿಡುತ್ತಾರೆ, ಮತ್ತೆ ನುಡಿಸಿ ಮತ್ತೆ ಅಷ್ಟೇ ಬಿಡುತ್ತಾರೆ, ಮೂರನೆಯ ಸಲಕ್ಕೆ ನೇರವಾಗಿ ತಾಳಕ್ಕೆ ಬಂದು ಸೇರುತ್ತಾರೆ. ಆ ಕಾರ್ವೆಯಲ್ಲಿ ಸದ್ದಿಲ್ಲ, ಆದರೆ ಲೆಕ್ಕ ಓಡುತ್ತಲೇ ಇರುತ್ತದೆ. ನನ್ನ ತರಗತಿಯಲ್ಲಿ ಇದನ್ನೇ ಮೈಗೆ ಇಳಿಸುತ್ತೇವೆ: ಐದು ಅಕ್ಷರಕ್ಕೆ ಬೆರಳು, ಮಣಿಕಟ್ಟು, ಮೊಣಕೈ, ಭುಜ, ಕತ್ತು. ಕಾರ್ವೆಯಲ್ಲಿ ಉಸಿರು ಮಾತ್ರ. ಮೂರು ಸಲ ಆದ ಮೇಲೆ ಸಮಕ್ಕೆ, ಎಂದರೆ ತಾಳದ ಮೊದಲ ಪೆಟ್ಟಿಗೆ, ಇಡೀ ದೇಹದ ಒಂದು ಹೊಡೆತ. ಇದನ್ನು ಮಾಡಬಲ್ಲ ಹುಡುಗಿಯೊಬ್ಬಳು ಜರ್ಮನಿಯ ಎಲೆಕ್ಟ್ರಾನಿಕ್ ಸಂಗೀತದ ತಂಡ ಕ್ರಾಫ್ಟ್‌ವೆರ್ಕ್‌ನ ಹಾಡಿಗೂ ಕುಣಿಯುತ್ತಾಳೆ, ಬರಿಯ ಮೃದಂಗಕ್ಕೂ ಕುಣಿಯುತ್ತಾಳೆ. ಅವಳು ಇವತ್ತಿನವರೆಗೆ ನನ್ನನ್ನು ಹಾಡು ಕೇಳಿಲ್ಲ.

ಆದರೂ ಹೆಸರೇ ಬೇಕು, ಸ್ಪರ್ಧೆ ಶನಿವಾರವೇ ಇದೆ ಎನ್ನುವವರು ಝ್ಯಾಪ್‌ನಿಂದ ಶುರು ಮಾಡಿ. ಪೂರ್ತಿ ಹಾಡು ಒಂಬತ್ತು ನಿಮಿಷಕ್ಕೂ ಹೆಚ್ಚು, ನಿಮಗೆ ಬೇಕಾದ ಎರಡು ನಿಮಿಷ ಕತ್ತರಿಸಿಕೊಳ್ಳಿ. ಕುಣಿಯುವ ಮೊದಲು ಕೈಕಟ್ಟಿ ಕುಳಿತು ಕೇಳಿ, ನಿಲ್ಲುವ ಜಾಗಗಳನ್ನು ಕಾಗದದಲ್ಲಿ ಗುರುತು ಮಾಡಿ. ನಡುವೆ ಮೌನ ಇಟ್ಟಿದ್ದರೆ ವೇದಿಕೆ ಹತ್ತುವ ಮುಂಚೆ ಮೈಕ್ ಸೆಟ್‌ನವರ ಬಳಿ ಹೋಗಿ, ಎಷ್ಟನೆಯ ಸೆಕೆಂಡಿಗೆ ಸದ್ದು ನಿಲ್ಲುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಬಿಡಿಸಿ ಹೇಳಿ. ಸಾಧ್ಯವಾದರೆ ಅಪ್ಪನನ್ನೇ ಅವರ ಪಕ್ಕದಲ್ಲಿ ಕೂರಿಸಿ, ಎಣಿಸಲು.