ಅಜ್ಜನ ಯುದ್ಧದ ದಿನಗಳನ್ನು ಹುಡುಕಲು ಲಂಡನ್ನಿಗೆ ಹೋಗುವವರಿಗೆ

ಟಿಕೆಟ್ ಮಾಡಿಸುವ ಮೊದಲೇ ಒಂದು ವಿಷಯ ತಿಳಿದಿರಲಿ. ನಿಮ್ಮ ಅಜ್ಜ ಎರಡನೇ ಮಹಾಯುದ್ಧದಲ್ಲಿ ಭಾರತೀಯ ಸೇನೆಯ ಸಿಪಾಯಿಯೋ ಸ್ಯಾಪರೋ (ರಸ್ತೆ, ಸೇತುವೆ ಕಟ್ಟುವ ಎಂಜಿನಿಯರ್ ದಳದ ಸೈನಿಕ) ಆಗಿದ್ದರೆ, ಅವರ ಹೆಸರಿನ ಕಡತ ಲಂಡನ್ನಿನಲ್ಲಿ ಸಿಗುವುದಿಲ್ಲ. ಅಲ್ಲಿ ಸಿಗುವುದು ಅವರಿದ್ದ ಘಟಕದ ವಾರ್ ಡೈರಿ. ಯಾವ ದಿನ ಎಲ್ಲಿದ್ದರು, ಏನು ಕೆಲಸ ಮಾಡಿದರು, ಎಷ್ಟು ಜನ ಗಾಯಗೊಂಡರು ಅನ್ನುವುದೆಲ್ಲ ಅದರಲ್ಲಿರುತ್ತದೆ. ಆದರೆ ಘಟಕ ಯಾವುದು ಅಂತ ಗೊತ್ತಿಲ್ಲದೆ ಹೋದರೆ ಅಲ್ಲಿ ಸುಮ್ನೆ ಕೂತು ಬರಬೇಕಾಗುತ್ತದೆ. ಹಾಗಾಗಿ ಅರ್ಧ ಕೆಲಸ ಮನೆಯಲ್ಲೇ ಮುಗಿಯಬೇಕು.

ಮೊದಲು ಪದಕಗಳನ್ನು ನೋಡಿ. ಆ ಯುದ್ಧಕ್ಕೆ ಬ್ರಿಟನ್ನಿನ ಸೈನಿಕರಿಗೆ ಕೊಟ್ಟ ಪದಕಗಳಲ್ಲಿ ಹೆಸರು ಇರುತ್ತಿರಲಿಲ್ಲ. ಭಾರತೀಯರಿಗೆ ಕೊಟ್ಟವುಗಳಲ್ಲಿ ಸಾಮಾನ್ಯವಾಗಿ ನಂಬರ್, ಹುದ್ದೆ, ಹೆಸರು, ದಳ ಎಲ್ಲ ಇರುತ್ತದೆ. ದುಂಡು ಪದಕವಾದರೆ ಅಂಚಿನಲ್ಲಿ, ನಕ್ಷತ್ರದ ಆಕಾರದ್ದಾದರೆ ಹಿಂಬದಿಯಲ್ಲಿ. ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಅಕ್ಷರ ಸವೆಯುತ್ತದೆ. ಪದಕ ಯಾವುದು ಅನ್ನುವುದೂ ಒಂದು ಸುಳಿವು. ಬರ್ಮಾ ಸ್ಟಾರ್ ಇದ್ದರೆ ಪೂರ್ವದ ಕಡೆ ಹೋಗಿದ್ದರು. ಆಫ್ರಿಕಾ ಸ್ಟಾರ್, ಇಟಲಿ ಸ್ಟಾರ್ ಇದ್ದರೆ ಪಶ್ಚಿಮಕ್ಕೆ.

ನಮ್ಮಜ್ಜ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದರು. ಪದಕದಿಂದ ನಂಬರ್ ಸಿಕ್ಕಿತು, ದಳ ಗೊತ್ತಾಯಿತು. ಆದರೆ ಯಾವ ಫೀಲ್ಡ್ ಕಂಪನಿ, ಅಂದರೆ ದಳದೊಳಗಿನ ಯಾವ ಘಟಕ, ಅನ್ನುವುದು ಅದರಲ್ಲಿ ಇರಲಿಲ್ಲ. ಅದು ಸಿಕ್ಕಿದ್ದು ಡಿಸ್ಚಾರ್ಜ್ ಪತ್ರದ ಜೊತೆ ಮಡಚಿಟ್ಟಿದ್ದ ಹಳೇ ಕಾಗದದಲ್ಲಿ. ಯುದ್ಧಕಾಲದ ಪತ್ರಗಳ ಮೇಲೆ ಊರಿನ ಹೆಸರು ಬರೆಯುವಂತಿರಲಿಲ್ಲ. ಫೀಲ್ಡ್ ಪೋಸ್ಟ್ ಆಫೀಸಿನ ನಂಬರ್ ಮಾತ್ರ ಇರುತ್ತದೆ. ಅದೂ ಒಂದು ಸುಳಿವು, ಅಂಥ ಕಾಗದ ಇದ್ದರೆ ಲಕೋಟೆಯನ್ನೂ ಎಸೆಯಬೇಡಿ.

ಮನೆಯಲ್ಲಿ ಏನೂ ಉಳಿದಿಲ್ಲವಾದರೆ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಬರೆಯಬೇಕು. ಮದ್ರಾಸ್ ಸ್ಯಾಪರ್ಸ್ ಆದರೆ ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್. ಮದ್ರಾಸ್ ರೆಜಿಮೆಂಟ್ ಆದರೆ ನೀಲಗಿರಿಯ ವೆಲ್ಲಿಂಗ್ಟನ್. ಮರಾಠಾ ಲೈಟ್ ಇನ್‌ಫೆಂಟ್ರಿ ಆದರೆ ಬೆಳಗಾವಿ. ತುಂಬಾ ನಿರೀಕ್ಷೆ ಇಟ್ಟುಕೊಳ್ಳಬೇಡಿ. ಪಿಂಚಣಿ ಇಲ್ಲದೆ ಬಿಡುಗಡೆಯಾದವರ ಶೀಟ್ ರೋಲ್, ಅಂದರೆ ಸೇವೆಯ ಪೂರ್ತಿ ವಿವರ ಇರುವ ಕಾಗದ, 25 ವರ್ಷದ ಮೇಲೆ ನಾಶ ಮಾಡುವುದು ನಿಯಮ. ಯುದ್ಧ ಮುಗಿದ ಮೇಲೆ ಮನೆಗೆ ಕಳಿಸಿದವರಲ್ಲಿ ಬಹಳ ಜನ ಹೀಗೇ ಪಿಂಚಣಿ ಇಲ್ಲದವರು. ಆದರೆ ಲಾಂಗ್ ರೋಲ್ ಅನ್ನುವ ದಾಖಲೆ ಉಳಿಸಿಕೊಂಡಿರುತ್ತಾರೆ. ಅದರಲ್ಲಿ ಒಬ್ಬೊಬ್ಬರ ಬಗ್ಗೆ ಇರುವುದು ಕಡಿಮೆಯೇ. ಸೇರಿದ ದಿನ, ಬಿಟ್ಟ ದಿನ ಸಿಕ್ಕರೂ ಲಾಭವೇ. ಪತ್ರದಲ್ಲಿ ಲಾಂಗ್ ರೋಲ್ ನೋಡಿ ಹೇಳಿ ಅಂತಲೇ ಕೇಳಿ. ಸರ್ವಿಸ್ ನಂಬರ್ ದೊಡ್ಡದಾಗಿ ಬರೆಯಿರಿ. ಹೆಸರನ್ನು ನಂಬಬೇಡಿ. ಮುನಿಸ್ವಾಮಿ ಅನ್ನುವ ಒಂದೇ ಹೆಸರನ್ನು ಗುಮಾಸ್ತರು ಇಂಗ್ಲಿಷಿನಲ್ಲಿ ಎಷ್ಟು ತರಹ ಬರೆಯಬಹುದು ಯೋಚನೆ ಮಾಡಿ.

ಇಷ್ಟಾದ ಮೇಲೆ ಲಂಡನ್. ವಾರ್ ಡೈರಿಗಳಿರುವುದು ಕ್ಯೂ ಅನ್ನುವ ಕಡೆ, ನ್ಯಾಷನಲ್ ಆರ್ಕೈವ್ಸ್‌ನಲ್ಲಿ. ಡಿಸ್ಟ್ರಿಕ್ಟ್ ಲೈನಿನಲ್ಲಿ ರಿಚ್ಮಂಡ್ ಕಡೆ ಹೋಗುವ ರೈಲು ಹತ್ತಿ ಕ್ಯೂ ಗಾರ್ಡನ್ಸ್‌ನಲ್ಲಿ ಇಳಿದರೆ ನಡೆದೇ ಹೋಗಬಹುದು. ಭಾನುವಾರ, ಸೋಮವಾರ ಬಾಗಿಲು ಹಾಕಿರುತ್ತಾರೆ. ವಾರಾಂತ್ಯ ಸೇರಿಸಿಕೊಂಡು ಪ್ರವಾಸ ಯೋಜಿಸುವವರು ಇದನ್ನು ನೋಡಿಕೊಳ್ಳಿ.

ಒಳಗೆ ಓದಲು ದುಡ್ಡು ಕೊಡಬೇಕಾಗಿಲ್ಲ. ಆದರೆ ಮೂಲ ದಾಖಲೆ ಮುಟ್ಟಲು ರೀಡರ್ಸ್ ಟಿಕೆಟ್ ಬೇಕು. ಆನ್‌ಲೈನಿನಲ್ಲಿ ಅರ್ಜಿ ಶುರು ಮಾಡಿ, ಅಲ್ಲಿಗೆ ಹೋಗಿ ಪೂರ್ತಿ ಮಾಡುವುದು. ಹೆಸರಿಗೆ ಒಂದು ದಾಖಲೆ, ವಿಳಾಸಕ್ಕೆ ಇನ್ನೊಂದು, ಎರಡೂ ಬೇಕು. ಪಾಸ್‌ಪೋರ್ಟ್ ಒಂದೇ ಸಾಲುವುದಿಲ್ಲ. ಒಪ್ಪುವ ದಾಖಲೆಗಳ ಪಟ್ಟಿ ಅವರ ಜಾಲತಾಣದಲ್ಲಿದೆ, ಹೊರಡುವ ಮುಂಚೆ ನೋಡಿ. ಕಡತಗಳನ್ನೂ ಮುಂಗಡವಾಗಿ ಆರ್ಡರ್ ಮಾಡಿಡಿ. ಅಲ್ಲೇ ಕೇಳಿದರೂ ಕೊಡುತ್ತಾರೆ, ಆದರೆ ಕಾಯಬೇಕು. ಪೆನ್ನು ಒಳಗೆ ಬಿಡುವುದಿಲ್ಲ, ಪೆನ್ಸಿಲ್ ಮಾತ್ರ. ಚೀಲ, ಕೋಟು ಲಾಕರಿನಲ್ಲಿಟ್ಟು ಲ್ಯಾಪ್‌ಟಾಪ್, ಫೋನನ್ನು ಪಾರದರ್ಶಕ ಕವರಿನಲ್ಲಿ ಹಿಡಿದುಕೊಂಡು ಹೋಗಬೇಕು. ಫ್ಲ್ಯಾಶ್ ಇಲ್ಲದೆ ಫೋಟೋ ತೆಗೆಯಬಹುದು, ಎಷ್ಟು ಬೇಕಾದರೂ.

ಈಗ ಕಡತ ಹುಡುಕುವ ವಿಚಾರ. ಬರ್ಮಾ, ಅಸ್ಸಾಂ ಕಡೆಯ ಘಟಕಗಳ ಡೈರಿ ಡಬ್ಲ್ಯು ಒ (WO, ಅಂದರೆ ವಾರ್ ಆಫೀಸ್) 172 ಸರಣಿಯಲ್ಲಿವೆ. ಮಧ್ಯಪ್ರಾಚ್ಯದವು 169ರಲ್ಲಿ, ಇಟಲಿಯವು 170ರಲ್ಲಿ. ಮೊದಲನೇ ಮಹಾಯುದ್ಧದ್ದಾದರೆ ಡಬ್ಲ್ಯು ಒ 95. ಅದರಲ್ಲಿ ಬಹಳಷ್ಟು ಡಿಜಿಟಲ್ ಆಗಿದೆ, ಮನೆಯಿಂದಲೇ ತರಿಸಿಕೊಳ್ಳಬಹುದು. ಕ್ಯಾಟಲಾಗಿನಲ್ಲಿ ಅಜ್ಜನ ಹೆಸರು ಹಾಕಿ ಹುಡುಕುವುದು ದಂಡ. ಕಂಪನಿಯ ನಂಬರ್ ಮತ್ತು ವರ್ಷ ಹಾಕಿ. ಅವರಿಗೆ ಶೌರ್ಯ ಪದಕ ಬಂದಿದ್ದರೆ ಮಾತ್ರ ಹೆಸರು ಕೆಲಸಕ್ಕೆ ಬರುತ್ತದೆ. ಡಬ್ಲ್ಯು ಒ 373ರಲ್ಲಿ ಶಿಫಾರಸು ಪತ್ರಗಳಿವೆ, ಏನು ಮಾಡಿದ್ದಕ್ಕೆ ಪದಕ ಅನ್ನುವುದೂ ಅವುಗಳಲ್ಲಿರುತ್ತದೆ.

ಡೈರಿ ಕೈಗೆ ಬಂದಾಗ ಮೊದಲು ಬೇಜಾರಾಗಬಹುದು. ಸ್ಥಳ, ದಿನಾಂಕ, ಗಂಟೆ, ನಡೆದ ಘಟನೆ ಅಂತ ಕಾಲಂ ಹಾಕಿದ ಫಾರಂ. ವಾರಗಟ್ಟಲೆ ರಸ್ತೆ ಕೆಲಸ ಮುಂದುವರಿಯಿತು ಅಂತ ಒಂದೇ ಸಾಲು. ಆಮೇಲೆ ಬರೆಯುವ ಅಧಿಕಾರಿ ಬದಲಾಗುತ್ತಾನೆ, ಹೊಸಬನಿಗೆ ಬರೆಯುವ ಚಟ ಇರುತ್ತದೆ, ಪುಟಗಟ್ಟಲೆ ತುಂಬಿಸುತ್ತಾನೆ. ನಿಮ್ಮ ಅಜ್ಜನಿದ್ದ ತಿಂಗಳು ಯಾರ ಕೈಗೆ ಸಿಕ್ಕಿತ್ತು ಅನ್ನುವುದು ಅದೃಷ್ಟ. ಬ್ರಿಟಿಷ್ ಅಧಿಕಾರಿಗಳ ಹೆಸರು ಪೂರ್ತಿ ಇರುತ್ತದೆ, ರಜೆಗೆ ಹೋಗಿದ್ದೂ ಬರೆದಿರುತ್ತಾರೆ. ನಮ್ಮವರು ಐ.ಒ.ಆರ್., ಅಂದರೆ ಇಂಡಿಯನ್ ಅದರ್ ರ‍್ಯಾಂಕ್ಸ್. ಇಬ್ಬರು ಐ.ಒ.ಆರ್.ಗೆ ಗಾಯ, ಅಷ್ಟೇ. ಸಿಟ್ಟು ಬಂದರೆ ತಪ್ಪಿಲ್ಲ, ನನಗೂ ಬಂತು. ಸುಬೇದಾರ್, ಜಮಾದಾರ್ ಆಗಿದ್ದರೆ ವಿ.ಸಿ.ಒ., ಅಂದರೆ ವೈಸ್‌ರಾಯ್ಸ್ ಕಮಿಷನ್ಡ್ ಆಫೀಸರ್, ಅಂತ ಹುಡುಕಿ. ಅವರ ಹೆಸರು ಕೆಲವೊಮ್ಮೆ ಸಿಗುತ್ತದೆ.

ಹಾಗಂತ ಪುಟ ಹಾರಿಸಬೇಡಿ. ಹಿಂದೆ ಸೇರಿಸಿದ ಅನುಬಂಧಗಳಲ್ಲೇ ಒಳ್ಳೆಯ ವಿಷಯ ಇರುವುದು ಜಾಸ್ತಿ. ಕೈಯಲ್ಲಿ ಬರೆದ ನಕ್ಷೆ, ಸೇತುವೆಯ ಅಳತೆ, ಅಪರೂಪಕ್ಕೆ ಹೆಸರುಗಳ ಪಟ್ಟಿ. ಸ್ಥಳಕ್ಕೆ ಊರಿನ ಬದಲು ಅಂಕಿಗಳಷ್ಟೇ ಇದ್ದರೆ ಅದು ಮ್ಯಾಪ್ ರೆಫರೆನ್ಸ್. ಯಾವ ಶೀಟಿನದು ಅನ್ನುವುದನ್ನೂ ಗುರುತು ಹಾಕಿಕೊಳ್ಳಿ. ಇಲ್ಲದಿದ್ದರೆ ಆ ಅಂಕಿ ವ್ಯರ್ಥ.

ನಿಮಗೆ ಬೇಕಾದ ತಿಂಗಳೇ ಕಾಣೆಯಾಗಿದ್ದರೆ ಕೈ ಬಿಡಬೇಡಿ. ಕಂಪನಿಯ ಮೇಲೆ ಡಿವಿಷನ್ ಇರುತ್ತದೆ. ಸ್ಯಾಪರ್ ಕಂಪನಿಗಳಿಗೆ ಆಜ್ಞೆ ಕೊಡುತ್ತಿದ್ದ ಡಿವಿಷನ್ನಿನ ಎಂಜಿನಿಯರ್ ಮುಖ್ಯಸ್ಥನನ್ನು ಸಿ.ಆರ್.ಇ. ಅನ್ನುತ್ತಿದ್ದರು, ಅವರ ಕಚೇರಿಗೂ ಬೇರೆ ಡೈರಿ ಇದೆ. ಯಾವ ಕಂಪನಿ ಯಾವ ಸೇತುವೆಗೆ ಹೋಯಿತು ಅನ್ನುವುದು ಅಲ್ಲಿ ಇನ್ನೂ ಸ್ಪಷ್ಟ. 1944ರ ಡಿಸೆಂಬರಿನಲ್ಲಿ ಬರ್ಮಾದ ಕಲೇವಾ ಹತ್ತಿರ ಚಿಂದ್ವಿನ್ ನದಿಗೆ ಹಾಕಿದ 1,154 ಅಡಿಯ ಬೈಲಿ ಸೇತುವೆಯಂಥ (ಸಿದ್ಧ ಉಕ್ಕಿನ ಭಾಗಗಳನ್ನು ಜೋಡಿಸಿ ಕಟ್ಟುವ ಸೇತುವೆ) ದೊಡ್ಡ ಕೆಲಸವಾದರೆ ಒಂದು ಘಟಕದ ಡೈರಿ ನೋಡಿ ಎದ್ದು ಬರಬೇಡಿ. ಅಕ್ಕಪಕ್ಕದ ಘಟಕಗಳದ್ದನ್ನೂ ತೆಗೆಸಿ.

ಬ್ರಿಟಿಷ್ ಲೈಬ್ರರಿಗೆ ಹೋಗಬೇಕಾ? ಅದು ಸೇಂಟ್ ಪ್ಯಾಂಕ್ರಾಸ್ ಹತ್ತಿರ ಇದೆ. ಇಂಡಿಯಾ ಆಫೀಸ್ ದಾಖಲೆಗಳು ಅಲ್ಲಿವೆ, ಮುಖ್ಯವಾಗಿ ಅಧಿಕಾರಿಗಳ ಸೇವಾ ಕಡತಗಳು. ನಿಮ್ಮವರು ಕಮಿಷನ್ಡ್ ಅಧಿಕಾರಿಯಾಗಿದ್ದರೆ ಹೋಗಿ, ಸಿಪಾಯಿಯಾಗಿದ್ದರೆ ಆ ದಿನವನ್ನೂ ಕ್ಯೂನಲ್ಲೇ ಕಳೆಯಿರಿ. 2023ರ ಅಕ್ಟೋಬರಿನ ಸೈಬರ್ ದಾಳಿಯಿಂದ ಅವರ ಕ್ಯಾಟಲಾಗ್ ಬಹಳ ಕಾಲ ಅಸ್ತವ್ಯಸ್ತವಾಗಿತ್ತು. ಬೇಕಾದ್ದು ಸಿಗುತ್ತದಾ ಅಂತ ಇಮೇಲ್‌ನಲ್ಲಿ ಕೇಳಿಕೊಂಡೇ ಹೋಗಿ.

ಯುದ್ಧದಲ್ಲೇ ತೀರಿಕೊಂಡವರಾದರೆ ಎಲ್ಲಕ್ಕಿಂತ ಮೊದಲು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಜಾಲತಾಣ ನೋಡಿ. ಘಟಕ, ಮರಣದ ದಿನ ಅಲ್ಲೇ ಸಿಗಬಹುದು. ಕೆಲವರಿಗೆ ತಂದೆಯ ಹೆಸರು, ಊರೂ ಇರುತ್ತದೆ. ಸಮಾಧಿ ಸಿಗದವರ, ದಹನ ಮಾಡಿದವರ ಹೆಸರು ಸ್ಮಾರಕಗಳ ಮೇಲಿದೆ. ಬರ್ಮಾದ್ದಾದರೆ ರಂಗೂನ್ ಸ್ಮಾರಕದಲ್ಲಿ ಹುಡುಕಿ, ಸಿಂಗಾಪುರದ್ದಾದರೆ ಕ್ರಾಂಜಿಯಲ್ಲಿ.

ಕೊನೆಗೆ ಫೋಟೋ ತೆಗೆಯುವ ಬಗ್ಗೆ. ಪ್ರತಿ ಕಡತದಲ್ಲೂ ಮೊದಲ ಫೋಟೋ ಸರಣಿ ನಂಬರ್ ಇರುವ ರಟ್ಟಿನದೇ ಆಗಿರಲಿ. ಮನೆಗೆ ಬಂದ ಮೇಲೆ ಎಲ್ಲ ಹಳದಿ ಕಾಗದವೂ ಒಂದೇ ತರಹ ಕಾಣುತ್ತದೆ. ಆ ದಿನವೇ ರಾತ್ರಿ ಕೂತು ಫೋಲ್ಡರ್ ಮಾಡಿ, ಇನ್ನೊಂದು ಕಡೆ ಕಾಪಿ ಹಾಕಿಡಿ. ಏನಾದರೂ ಮಸುಕಾಗಿದ್ದರೆ ಮಾರನೇ ದಿನ ಅದೇ ಕಡತ ಮತ್ತೆ ತರಿಸಿ ನೋಡಬಹುದು.